ರೆಬೆಕಾ ನರ್ಸ್ ಪಾತ್ರದೊಡನೆ ಐದು ತಿಂಗಳು: ‘ದಿ ಕ್ರೂಸಿಬಲ್’ ನಾಟಕದಲ್ಲಿ ನನ್ನ ಅನುಭವ

ಕಳೆದ ಭಾನುವಾರ ಮಧ್ಯಾಹ್ನದ ಕೊನೆಯ ಪ್ರದರ್ಶನ ಮುಗಿಸಿ, ಸಂಜೆ ಏಳರವರೆಗೂ ಎಲ್ಲರೊಡನೆ ನಿಂತು ರಂಗಸಜ್ಜಿಕೆಯ ಹಲಗೆಗಳ ಮೊಳೆ ಕಿತ್ತು, ಬೂದು ಬಣ್ಣದ ಉಣ್ಣೆಯ ಲಂಗವನ್ನೂ ಬಿಳಿಯ ತಲೆವಸ್ತ್ರವನ್ನೂ ಮಡಿಸಿ ಒಪ್ಪಿಸಿ ಮನೆಗೆ ಬಂದೆ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಜನರನ್ನು ವಿಚಾರಣೆಗೆ ಎಳೆದ ಕತೆಯನ್ನು ಹೇಳುವ, ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕವನ್ನು ನಾವು ಆಡಿದ್ದು ಆರು ಸಲ. ಅದಕ್ಕಾಗಿ ಕಳೆದದ್ದು ಐದು ತಿಂಗಳಿಗೂ ಮೀರಿದ ಕಾಲ. ಬಾಸ್ಟನ್ನಿನ ಉತ್ತರಕ್ಕೆ, ಆ ನಾಟಕ ನಡೆಯುವ ಸೇಲಂ ಸೀಮೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ನಮ್ಮ ಊರಿನ ಹವ್ಯಾಸಿ ತಂಡವೊಂದರಲ್ಲಿ, ಕನ್ನಡ ಮನೆಮಾತಿನ ಐವತ್ಮೂರು ವರ್ಷದ ನಾನು ರೆಬೆಕಾ ನರ್ಸ್ ಎಂಬ ಮುದುಕಿಯ ಪಾತ್ರ ಮಾಡಿದೆ. ಇಲ್ಲಿರುವ ನಮ್ಮವರಲ್ಲಿ ಇಂಥ ತಂಡಗಳಿಗೆ ಹೋಗಬೇಕೆಂಬ ಆಸೆಯಿದ್ದೂ ಹಿಂಜರಿಯುವವರನ್ನು ಬಲ್ಲೆ. ಅವರಿಗೆ ನಾನು ಎಡವಿದ ಕಡೆಗಳಾದರೂ ಮೊದಲೇ ತಿಳಿದಿರಲಿ ಎಂದು, ಎಲ್ಲವೂ ಇನ್ನೂ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ ಗ್ರಂಥಾಲಯದ ಫಲಕದಲ್ಲಿ ಆಡಿಷನ್ನಿನ ಪ್ರಕಟಣೆ ಕಂಡಿತು. ಕಲಬುರಗಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಎರಡು ನಾಟಕಗಳಲ್ಲಿ ಪಾತ್ರ ಮಾಡಿದ್ದನ್ನು ಬಿಟ್ಟರೆ ಮೂವತ್ತು ವರ್ಷ ನಾನು ರಂಗವೇರಿದವಳಲ್ಲ, ಇಂಗ್ಲಿಷ್ ನಾಟಕದಲ್ಲಂತೂ ಎಂದೂ ಇಲ್ಲ. ಪ್ರಕಟಣೆಯಲ್ಲಿ ಎರಡು ಬೇಡಿಕೆಗಳಿದ್ದವು: ಒಂದು ನಿಮಿಷದ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬರಬೇಕು, ಅಲ್ಲಿ ಕೊಡುವ ನಾಟಕದ ಪುಟಗಳನ್ನು ನೋಡಿದೊಡನೆ ಓದಬೇಕು. ಜೊತೆಗೆ ಎರಡು ಪುಟದ ಅರ್ಜಿ. ಅದರಲ್ಲಿ ಯಾವ ಪಾತ್ರ ಬೇಕು, ಬೇರೆ ಪಾತ್ರ ಕೊಟ್ಟರೆ ಒಪ್ಪುತ್ತೀರಾ ಎಂಬ ಪ್ರಶ್ನೆಗಳ ಕೆಳಗೆ, ತಾಲೀಮಿಗೆ ಬರಲಾಗದ ದಿನಗಳನ್ನು ಬರೆಯಲು ಒಂದು ಖಾಲಿ ಚೌಕವಿತ್ತು. ದಸರೆ ಮತ್ತು ದೀಪಾವಳಿ ಎರಡೂ ಆ ಅವಧಿಯಲ್ಲೇ ಬರುತ್ತವೆಂದು ಗೊತ್ತಿದ್ದೂ, ಬರೆದರೆ ಪಾತ್ರ ಕೈತಪ್ಪೀತೆಂಬ ಅಂಜಿಕೆಯಿಂದ ಚೌಕವನ್ನು ಹಾಗೆಯೇ ಬಿಟ್ಟೆ. ನೀವು ಹಾಗೆ ಮಾಡಬೇಡಿ. ತಾಲೀಮಿನ ವೇಳಾಪಟ್ಟಿಯನ್ನು ಆ ಚೌಕಗಳನ್ನು ನೋಡಿಯೇ ಹಾಕುತ್ತಾರೆ, ಮೊದಲೇ ಹೇಳಿದ ದಿನವನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ನಾನು ಬರೆಯದೆ ಬಿಟ್ಟದ್ದರಿಂದ ನರಕ ಚತುರ್ದಶಿಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಳಕು ಮತ್ತು ಧ್ವನಿ ಹೊಂದಿಸುವ ತಾಲೀಮಿನಲ್ಲಿ ಸರಪಳಿ ತೊಟ್ಟು ನಿಂತಿದ್ದೆ.

ನಾನು ಕೇಳಿದ್ದು ಎಲಿಜಬೆತ್ ಪ್ರಾಕ್ಟರ್ ಪಾತ್ರವನ್ನು. ಎಂದೂ ಸುಳ್ಳಾಡದ ಹೆಂಗಸು ಗಂಡನ ಮಾನ ಉಳಿಸಲೆಂದು ನ್ಯಾಯಾಲಯದಲ್ಲಿ ಒಂದೇ ಒಂದು ಸುಳ್ಳು ಹೇಳಿ, ಅದರಿಂದಲೇ ಅವನನ್ನು ಕಳೆದುಕೊಳ್ಳುವ ಮೂರನೆಯ ಅಂಕದ ದೃಶ್ಯವನ್ನು ವಿದ್ಯಾರ್ಥಿನಿಯಾಗಿದ್ದಾಗ ಓದಿದವಳು ಮರೆತಿರಲಿಲ್ಲ. ಒಂಬತ್ತು ದಿನ ಕಾದ ಮೇಲೆ ಎರಡನೆಯ ಸುತ್ತಿಗೆ ಕರೆ ಬಂತು, ಮತ್ತೆ ನಾಲ್ಕು ದಿನ ಕಳೆದು ಮಿಂಚಂಚೆ ಬಂತು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ರೆಬೆಕಾ ನರ್ಸ್’ ಎಂದಿತ್ತು. ನಾಲ್ಕು ಅಂಕಗಳ ನಾಟಕದಲ್ಲಿ ಆಕೆ ಬರುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ ಮಾತ್ರ. ಪುಸ್ತಕ ತೆಗೆದು ಮಾತುಗಳನ್ನು ಎಣಿಸಿದೆ, ಎಣಿಸಿ ಬೇಸರಪಟ್ಟೆ. ಒಪ್ಪಿಗೆ ತಿಳಿಸಲು ಎರಡು ದಿನ ತೆಗೆದುಕೊಂಡೆ.

ಒಪ್ಪಿದ ಮೇಲೂ ತಾಲೀಮು ಶುರುವಾಗಲಿಲ್ಲ. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ. ನಾಟಕದ ಹಕ್ಕುಸ್ವಾಮ್ಯ ಇನ್ನೂ ಜಾರಿಯಲ್ಲಿದೆ. ಹವ್ಯಾಸಿಗಳು ಆಡುವುದಾದರೂ ಹಕ್ಕು ನಿರ್ವಹಿಸುವ ಸಂಸ್ಥೆಗೆ ಅರ್ಜಿ ಹಾಕಬೇಕು. ಎಷ್ಟು ಪ್ರದರ್ಶನ, ಸಭಾಂಗಣದಲ್ಲಿ ಎಷ್ಟು ಆಸನ, ಟಿಕೆಟಿನ ಬೆಲೆಯೆಷ್ಟು ಎಂಬುದನ್ನೆಲ್ಲ ನಮ್ಮ ಖಜಾಂಚಿ ಬರೆದು ಕಳಿಸಿದ್ದರು, ಆದರೆ ಒಪ್ಪಂದ ಬಂದಿರಲಿಲ್ಲ. ಅದು ಕೈಸೇರುವವರೆಗೆ ನಾಟಕದ ಹೆಸರನ್ನು ಪ್ರಚಾರ ಮಾಡುವಂತಿಲ್ಲ, ಟಿಕೆಟ್ ಮಾರುವಂತಿಲ್ಲ. ಹತ್ತಿರದಲ್ಲಿ ವೃತ್ತಿಪರ ತಂಡವೊಂದು ಅದೇ ನಾಟಕ ಹಿಡಿದಿದ್ದರೆ ಅನುಮತಿ ಸಿಗದೆಯೂ ಹೋಗಬಹುದು ಎಂದು ಹಳಬರು ಹೇಳಿದಾಗ ಎದೆ ಧಸಕ್ಕೆಂದಿತು. ಜುಲೈ ತಿಂಗಳ ಮೂರೂವರೆ ವಾರ ಹೀಗೆ ಕಾದೆವು. ಕೊನೆಗೆ ಬಂದ ಒಪ್ಪಂದದಲ್ಲಿ ಒಂದು ಮಾತನ್ನೂ ಅನುಮತಿಯಿಲ್ಲದೆ ಕತ್ತರಿಸಬಾರದು, ಸೇರಿಸಬಾರದು, ಪ್ರದರ್ಶನವನ್ನು ಚಿತ್ರೀಕರಿಸಬಾರದು ಎಂಬ ಷರತ್ತುಗಳಿದ್ದವು. ಚಿತ್ರೀಕರಣದ ಷರತ್ತು ನನ್ನನ್ನು ಬಹಳ ನೋಯಿಸಿತು, ಏಕೆಂದರೆ ಕಲಬುರಗಿಯಲ್ಲಿರುವ ಅವ್ವನಿಗೆ ನಾಟಕದ ವೀಡಿಯೋ ಕಳಿಸುತ್ತೇನೆಂದು ಅದಾಗಲೇ ಮಾತು ಕೊಟ್ಟಿದ್ದೆ. ನೀವು ಮನೆಯವರಿಗೆ ಅಂಥ ಮಾತು ಕೊಡುವ ಮೊದಲು ಒಪ್ಪಂದವನ್ನು ಓದಿಕೊಳ್ಳಿ.

ಇನ್ನೊಂದು ಕಾಗದವನ್ನು ನಾನು ನಿರೀಕ್ಷಿಸಿರಲಿಲ್ಲ. ನಾಟಕದಲ್ಲಿ ಬೆಟ್ಟಿ ಎಂಬ ಹತ್ತು ವರ್ಷದ ಹುಡುಗಿಯಿದ್ದಾಳೆ, ನಮ್ಮ ತಂಡದಲ್ಲಿ ಆ ಪಾತ್ರ ಮಾಡಿದವಳೂ ಮಗುವೇ. ಮಕ್ಕಳೊಡನೆ ಕೆಲಸ ಮಾಡುವ ದೊಡ್ಡವರ ಮೇಲೆ ಹಳೆಯ ಅಪರಾಧದ ದಾಖಲೆ ಇದೆಯೇ ಎಂದು ನೋಡಲು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ‘ಕೋರಿ’ (CORI) ಎಂಬ ತಪಾಸಣೆಯಿದೆ. ಫಾರ್ಮ್ ತುಂಬಿ, ಸರ್ಕಾರಿ ಗುರುತಿನ ಚೀಟಿಯನ್ನು ತೋರಿಸಿ, ಸಹಿ ಮಾಡಬೇಕು. ಮೊದಲು ನನಗೆ ಅವಮಾನವಾದಂತೆನಿಸಿತು. ಆಮೇಲೆ ನಾಟಕ ಓದುತ್ತ ಹೋದಂತೆ ಆ ಫಾರ್ಮಿನ ಬಗ್ಗೆ ನನ್ನ ಭಾವನೆ ಬದಲಾಯಿತು. ನ್ಯಾಯಾಲಯಕ್ಕೆ ಹೋದ ಪ್ರಕರಣಗಳಷ್ಟನ್ನೇ ಅದು ಕೇಳುತ್ತದೆ. ಪಕ್ಕದ ಮನೆಯವರು ನನ್ನ ಬಗ್ಗೆ ಏನು ಕನಸು ಕಂಡರೆಂದು ಕೇಳುವುದಿಲ್ಲ. 1692ರಲ್ಲಿ ಕೇಳಿದ್ದು ಅದನ್ನೇ. ಆರೋಪಿ ದೇಹದಿಂದ ಮನೆಯಲ್ಲೇ ಇದ್ದರೂ ಆಕೆಯ ಛಾಯಾರೂಪ ಬಂದು ನನ್ನನ್ನು ಚಿವುಟಿತು, ಕಚ್ಚಿತು ಎಂದು ಒಬ್ಬ ಹುಡುಗಿ ಹೇಳಿದರೆ ಅದನ್ನು ಸಾಕ್ಷ್ಯವೆಂದು ಸೇಲಂ ನ್ಯಾಯಾಲಯ ಒಪ್ಪಿಕೊಂಡಿತು. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 19 ಮಂದಿಯನ್ನು ಗಲ್ಲಿಗೇರಿಸಿದರು. ಎಂಬತ್ತರ ಆಸುಪಾಸಿನ ಜೈಲ್ಸ್ ಕೋರಿಯನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಸೆರೆಮನೆಯಲ್ಲೇ ಸತ್ತವರೂ ಇದ್ದಾರೆ. ಜನರನ್ನು ಸುಟ್ಟರೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ.

ಆಗಸ್ಟ್ ಮೊದಲ ವಾರದಿಂದ ವಾರಕ್ಕೆ ಮೂರು ಸಂಜೆ, ಏಳರಿಂದ ಹತ್ತರವರೆಗೆ ತಾಲೀಮು. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕುಳಿತು ನಾಟಕವನ್ನು ಆದ್ಯಂತ ಓದಿದೆವು. ಪುಸ್ತಕದ ಮೊದಲ ಅಂಕದ ನಡುನಡುವೆ ಮಿಲ್ಲರ್ ಬರೆದಿರುವ ದೀರ್ಘ ಗದ್ಯಟಿಪ್ಪಣಿಗಳನ್ನು ರಂಗದ ಮೇಲೆ ನುಡಿಯುವುದಿಲ್ಲ, ಆದರೆ ಪಾತ್ರ ಮಾಡುವವರು ಅವನ್ನು ಬಿಟ್ಟರೆ ಹಳ್ಳಿಯ ಹೊಲದ ಗಡಿಜಗಳಗಳು, ಪ್ಯಾರಿಸ್ ಎಂಬ ಹೆಸರಿನ ಪಾದ್ರಿಯ ಭಯ, ಪಟ್ನಮ್ ಎಂಬ ಮನೆತನದ ಹಗೆ ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. ಅಂದು ನಿರ್ದೇಶಕಿ ನಾಟಕ ಹುಟ್ಟಿದ ಕಾಲವನ್ನೂ ವಿವರಿಸಿದರು. 1952ರಲ್ಲಿ ಮಿಲ್ಲರ್ ಸೇಲಂಗೆ ಬಂದು ವಿಚಾರಣೆಯ ದಾಖಲೆಗಳನ್ನು ಓದಿದ್ದು, 1953ರ ಜನವರಿ 22ರಂದು ನ್ಯೂಯಾರ್ಕಿನಲ್ಲಿ ನಾಟಕ ಮೊದಲು ತೆರೆ ಕಂಡಿದ್ದು, ಇವೆರಡೂ ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಜನರನ್ನು ಕರೆದು ಸಂಗಾತಿಗಳ ಹೆಸರು ಹೇಳಿಸುತ್ತಿದ್ದ ವರ್ಷಗಳ ಮಾತು. ತಾನು ಪಾಪ ಮಾಡಿದೆನೆಂದು ಸುಳ್ಳಾಗಿ ಒಪ್ಪಲು ಸಿದ್ಧನಾದ, ಎಲಿಜಬೆತ್‌ಳ ಗಂಡ ಜಾನ್ ಪ್ರಾಕ್ಟರ್ ಬೇರೆಯವರ ಹೆಸರು ಹೇಳಲು ಮಾತ್ರ ಒಪ್ಪುವುದಿಲ್ಲ. ಅದನ್ನು ಬರೆದ ಮೂರು ವರ್ಷಗಳ ಮೇಲೆ, 1956ರಲ್ಲಿ, ಸಂಸತ್ತಿನ ಸಮಿತಿ ಮಿಲ್ಲರ್ ಅವರನ್ನೇ ಕರೆಸಿತು. ಅವರು ತಮ್ಮ ಬಗ್ಗೆ ಮಾತಾಡಿದರು, ಇತರರ ಹೆಸರು ಹೇಳಲಿಲ್ಲ. 1957ರಲ್ಲಿ ಅದಕ್ಕಾಗಿ ಶಿಕ್ಷೆಯಾಯಿತು, ಮರುವರ್ಷ ಮೇಲ್ಮನವಿಯಲ್ಲಿ ರದ್ದಾಯಿತು.

ನನಗೆ ಎದುರಾದ ನಿಜವಾದ ಕಷ್ಟ ನಾಲಿಗೆಯದು. ಇಂಗ್ಲಿಷಿನಲ್ಲಿ ಬೇರೆಬೇರೆಯಾದ ಎರಡು ಧ್ವನಿಗಳಿಗೆ ನಮ್ಮಲ್ಲಿ ‘ವ’ ಒಂದೇ. ತುಟಿಯನ್ನು ಹಲ್ಲಿಗೆ ತಾಗಿಸದೆ, ದುಂಡಾಗಿಸಿ ಹೇಳಬೇಕಾದ ‘ವಿಚ್’ (ಮಾಟಗಾತಿ) ಎಂಬ ಪದ ಈ ನಾಟಕದಲ್ಲಿ ಪುಟಪುಟಕ್ಕೂ ಬರುತ್ತದೆ, ನಾನು ಅದನ್ನು ಹೇಳಿದಾಗಲೆಲ್ಲ ಯಾರದಾದರೂ ತಲೆ ನನ್ನತ್ತ ತಿರುಗುತ್ತಿತ್ತು. ಮಿಲ್ಲರ್ ತಮ್ಮ ಪಾತ್ರಗಳಿಗೆ ಕಟ್ಟಿದ ಭಾಷೆಯೂ ಇಂದಿನದಲ್ಲ. ಕ್ರಿಯಾಪದಗಳು ಹಳೆಯ ರೂಪದಲ್ಲಿ ಬಾಗುತ್ತವೆ, ಒಂದೇ ವಾಕ್ಯದಲ್ಲಿ ಎರಡು ನಕಾರಗಳು ಬರುತ್ತವೆ. ಮೊದಲ ಎರಡು ವಾರ ಬಾಯಿಪಾಠ ಮಾಡಿದ್ದು ತಾಲೀಮಿಗೆ ಹೋದೊಡನೆ ಚದುರಿಹೋಗುತ್ತಿತ್ತು. ಕೊನೆಗೆ ನನ್ನ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆದು, ಉಸಿರು ತೆಗೆದುಕೊಳ್ಳುವ ಕಡೆ ಗೆರೆ ಎಳೆದು, ಎದುರು ಪುಟದಲ್ಲಿ ಅದೇ ಮಾತನ್ನು ನಮ್ಮ ಕಲಬುರಗಿಯ ಮುದುಕಿಯೊಬ್ಬಳು ಹೇಗೆ ಹೇಳುತ್ತಿದ್ದಳೋ ಹಾಗೆ ಬರೆದುಕೊಂಡೆ. ಆಮೇಲೆ ಮರೆಯಲಿಲ್ಲ. ನನ್ನ ಉಚ್ಚಾರವನ್ನು ಪೂರ್ತಿ ತಿದ್ದಬೇಕೆಂದು ನಿರ್ದೇಶಕಿ ಕೇಳಲಿಲ್ಲ, ಪದದ ಮೊದಲ ಧ್ವನಿ ಸ್ಪಷ್ಟವಿದ್ದರೆ ಸಾಕೆಂದರು. ಉಚ್ಚಾರದ ಕಾರಣಕ್ಕೆ ಹಿಂಜರಿಯುವವರು ಈ ಒಂದು ಮಾತನ್ನು ನಂಬಿರಿ: ಕಿವಿ ಕೇಳದವರಂತೆ ನಿಧಾನವಾಗಿ, ವಾಕ್ಯದ ಕೊನೆಯನ್ನು ನುಂಗದೆ ಮಾತಾಡಿದರೆ ಪ್ರೇಕ್ಷಕರು ಎರಡೇ ನಿಮಿಷದಲ್ಲಿ ಹೊಂದಿಕೊಳ್ಳುತ್ತಾರೆ.

ಕಿವಿ ಕೇಳದವರಂತೆ ಎಂದೆ. ಅದು ನಿಜವಾದ ರೆಬೆಕಾಳಿಂದ ಬಂದದ್ದು. ಆಗಸ್ಟ್ ಮಧ್ಯದ ಒಂದು ಶನಿವಾರ ನಾಲ್ವರು ಸೇರಿ ಡ್ಯಾನ್ವರ್ಸ್‌ನಲ್ಲಿರುವ ಆಕೆಯ ಮನೆಗೆ ಹೋದೆವು. ಇಂದಿನ ಡ್ಯಾನ್ವರ್ಸೇ ಅಂದಿನ ಸೇಲಂ ಹಳ್ಳಿ. ಸೇಲಂ ಪಟ್ಟಣವನ್ನೇ ಸುತ್ತಾಡಿ ಬರುವವರಿಗೆ ಇದು ತಿಳಿಯುವುದಿಲ್ಲ. ಗದ್ದೆ ಬಯಲಿನ ನಡುವೆ ಕಂದು ಬಣ್ಣದ ಮರದ ಮನೆ, ಅದರಾಚೆ ಮನೆತನದ ಚಿಕ್ಕ ಸ್ಮಶಾನ. ಅಲ್ಲಿ ಎರಡು ಸ್ಮಾರಕ ಕಲ್ಲುಗಳಿವೆ: 1885ರದು ರೆಬೆಕಾಳ ಹೆಸರಿನಲ್ಲಿ, 1892ರದು ಆಕೆ ಒಳ್ಳೆಯವಳೆಂದು ಬರೆದ ಪತ್ರಕ್ಕೆ ಸಹಿ ಹಾಕಿದ ನೆರೆಹೊರೆಯವರ ಹೆಸರಿನಲ್ಲಿ. ಆ ದಿನಗಳಲ್ಲಿ ಆರೋಪಿಯ ಪರ ಸಹಿ ಹಾಕುವುದೆಂದರೆ ತಾನೂ ಆರೋಪಿಯಾಗುವ ದಾರಿ ಹಿಡಿದಂತೆ. ಆದರೂ ಸುಮಾರು 40 ಮಂದಿ ಹಾಕಿದರು. ನಾಟಕದ ಮೂರನೆಯ ಅಂಕದಲ್ಲಿ ಆಕೆಯ ಗಂಡ ಫ್ರಾನ್ಸಿಸ್ 91 ಜನರ ಸಹಿಯಿರುವ ಪತ್ರವನ್ನು ನ್ಯಾಯಾಧೀಶನ ಮುಂದಿಡುತ್ತಾನೆ, ಅವರೆಲ್ಲರನ್ನೂ ವಿಚಾರಣೆಗೆ ಕರೆತರಲು ಆಜ್ಞೆಯಾಗುತ್ತದೆ. ನೆರವಾಗಬಂದವರನ್ನು ತಾನೇ ಸಿಕ್ಕಿಸಿದೆನೆಂದು ತಿಳಿದು ಆ ಮುದುಕ ನಿಲ್ಲುವ ಕ್ಷಣವನ್ನು ಪ್ರತಿ ಪ್ರದರ್ಶನದಲ್ಲೂ ನಾನು ಪರದೆಯ ಸಂದಿಯಿಂದ ನೋಡಿದೆ.

ಆಕೆಯ ವಿಚಾರಣೆಯ ಕತೆ ನಾಟಕದಲ್ಲಿ ಇಲ್ಲ, ಆದರೆ ಪಾತ್ರ ಮಾಡುವವರಿಗೆ ಅದು ಗೊತ್ತಿರಬೇಕು. ಪಂಚರು ಮೊದಲು ನಿರಪರಾಧಿ ಎಂದೇ ತೀರ್ಪು ಕೊಟ್ಟರು. ಕೋರ್ಟಿನಲ್ಲಿದ್ದ ಹುಡುಗಿಯರು ಚೀರಾಡಿದರು, ನ್ಯಾಯಾಧೀಶರು ಮತ್ತೊಮ್ಮೆ ಯೋಚಿಸಿರೆಂದು ಪಂಚರನ್ನು ಕಳಿಸಿದರು. ಇನ್ನೊಬ್ಬ ಕೈದಿಯನ್ನು ಕುರಿತು ಆಕೆ ಆಡಿದ ಒಂದು ಮಾತಿನ ಅರ್ಥವೇನೆಂದು ಕೇಳಿದಾಗ ಆಕೆ ಉತ್ತರಿಸಲಿಲ್ಲ. ಮೌನವೇ ಒಪ್ಪಿಗೆಯೆಂದು ತಿಳಿದು ಅಪರಾಧಿಯೆಂದರು. ತನಗೆ ಕಿವಿ ಮಂದ, ದುಃಖ ತುಂಬಿತ್ತು, ಪ್ರಶ್ನೆ ಕೇಳಿಸಲಿಲ್ಲವೆಂದು ಆಕೆ ಆಮೇಲೆ ತಿಳಿಸಿದಳು. 1692ರ ಜುಲೈ 19ರಂದು, 71ನೆಯ ವಯಸ್ಸಿನಲ್ಲಿ, ಆಕೆಯನ್ನು ನೇಣಿಗೆ ಹಾಕಿದರು. ಚರ್ಚು ಆಕೆಯ ಮೇಲೆ ಹಾಕಿದ್ದ ಬಹಿಷ್ಕಾರ ರದ್ದಾದದ್ದು 1712ರಲ್ಲಿ. ಇದನ್ನು ತಿಳಿದ ಮೇಲೆ ಪಾತ್ರ ಚಿಕ್ಕದೆಂಬ ಬೇಸರ ನನ್ನಲ್ಲಿ ಉಳಿಯಲಿಲ್ಲ. ರಂಗದ ಮೇಲೆ ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುವುದನ್ನು ರೂಢಿಸಿಕೊಂಡೆ.

ಸೇಲಂ ಪಟ್ಟಣಕ್ಕೆ ಹೋಗುವವರು ಅಕ್ಟೋಬರ್ ತಿಂಗಳನ್ನು ತಪ್ಪಿಸಿ. ಹ್ಯಾಲೋವೀನ್ ಜನಜಂಗುಳಿಯಲ್ಲಿ ನಾವು ಕಾರು ನಿಲ್ಲಿಸಲು ಒಂದೂವರೆ ಗಂಟೆ ಸುತ್ತಿದೆವು. 1992ರ ಸ್ಮಾರಕದಲ್ಲಿ, ಗೋಡೆಯಿಂದ ಹೊರಚಾಚಿದ 20 ಕಲ್ಲಿನ ಆಸನಗಳಲ್ಲಿ ರೆಬೆಕಾಳ ಹೆಸರಿನದೂ ಒಂದು. ಗಲ್ಲಿಗೇರಿಸಿದ ಜಾಗ ಪ್ರಾಕ್ಟರ್ಸ್ ಲೆಡ್ಜ್ ಎಂದು 2016ರಲ್ಲಿ ದೃಢಪಟ್ಟಿತು. ಮನೆಗಳ ನಡುವಿನ ಆ ಕಡಿದಾದ ಚಿಕ್ಕ ಜಾಗದಲ್ಲಿ ಅಂದು ನಾವಲ್ಲದೆ ಬೇರೆ ಯಾರೂ ಇರಲಿಲ್ಲ.

ತಾಲೀಮಿಗೆ ಮರಳುತ್ತೇನೆ. ಮೊದಲ ಅಂಕದಲ್ಲಿ ರೆಬೆಕಾ ಒಳಬಂದು, ನರಳುತ್ತಿರುವ ಬೆಟ್ಟಿಯ ಹಾಸಿಗೆಯ ಬಳಿ ಹೋಗಿ ಸುಮ್ಮನೆ ನಿಲ್ಲುತ್ತಾಳೆ, ಮಗು ಶಾಂತವಾಗುತ್ತದೆ. ಇಷ್ಟೇ ಸೂಚನೆ. ನಾನು ಮೂರು ವಾರ ಇದನ್ನು ಕೆಡಿಸಿದೆ. ಕೈ ಚಾಚುತ್ತಿದ್ದೆ, ಹಣೆ ಮುಟ್ಟುತ್ತಿದ್ದೆ, ಮುಖದಲ್ಲಿ ಕರುಣೆ ತರಲು ಹೆಣಗುತ್ತಿದ್ದೆ. ಏನೂ ಮಾಡಬೇಡಿರೆಂದು ನಿರ್ದೇಶಕಿ ಪ್ರತಿ ಸಲವೂ ಹೇಳಿದರು. ಆಗ ನನಗೆ ಬಾಲ್ಯದ ಒಂದು ನೆನಪು ಬಂತು. ನಮ್ಮ ಕಲಬುರಗಿ, ಬೀದರ ಕಡೆ ಭಾನಾಮತಿ ಎಂಬ ಮಾಟದ ಮಾತನ್ನು ಕೇಳದೆ ಬೆಳೆದವರಿಲ್ಲ. ನಮ್ಮ ಓಣಿಯಲ್ಲಿ ಹುಡುಗಿಯೊಬ್ಬಳು ನಾಯಿಯಂತೆ ಕೂಗತೊಡಗಿದಾಗ ಯಾರು ಮಾಡಿಸಿದರೆಂಬ ಗುಸುಗುಸು ಮನೆಯಿಂದ ಮನೆಗೆ ಹರಡಿ, ಒಂಟಿಯಾಗಿದ್ದ ಒಬ್ಬ ವಿಧವೆಯ ಬಾಗಿಲಿಗೆ ಬಂದು ನಿಂತಿತ್ತು. ಆ ದಿನ ನಮ್ಮ ಅಜ್ಜಿ ಹುಡುಗಿಯ ಪಕ್ಕ ಹೋಗಿ ಏನೂ ಹೇಳದೆ ಕುಳಿತಿದ್ದಳು. ಹೊತ್ತು ಮುಳುಗುವವರೆಗೆ ಏಳಲಿಲ್ಲ. ಮರುದಿನದ ತಾಲೀಮಿನಲ್ಲಿ ನಾನು ಅಜ್ಜಿಯಂತೆ ಕೈಗಳನ್ನು ಸೆರಗಿನೊಳಗೆ ಇಟ್ಟವಳ ಹಾಗೆ ಹೊಟ್ಟೆಯ ಬಳಿ ಕಟ್ಟಿ ನಿಂತೆ. ಆ ದೃಶ್ಯದ ಬಗ್ಗೆ ಮತ್ತೆ ಯಾರೂ ತಕರಾರು ಮಾಡಲಿಲ್ಲ.

ಎರಡು ಮತ್ತು ಮೂರನೆಯ ಅಂಕಗಳಲ್ಲಿ ನನಗೆ ಕೆಲಸವಿಲ್ಲ, ವಿರಾಮವೂ ಸೇರಿದರೆ ಒಂದೂವರೆ ಗಂಟೆಗೂ ಹೆಚ್ಚಿನ ಕಾಯುವಿಕೆ. ನಿರ್ದೇಶಕಿ ಅದರಲ್ಲೊಂದು ಕೆಲಸ ಹುಡುಕಿಕೊಟ್ಟರು. ಮೂರನೆಯ ಅಂಕ ಶುರುವಾಗುವಾಗ ರಂಗ ಖಾಲಿಯಿರುತ್ತದೆ. ಒಳಗಿನ ನ್ಯಾಯಾಲಯದಿಂದ ಜೈಲ್ಸ್ ಕೋರಿಯ ಹೆಂಡತಿ ಮಾರ್ತಾ ಕೋರಿಯನ್ನು ಪ್ರಶ್ನಿಸುವ ಧ್ವನಿ, ಆಕೆಯ ಉತ್ತರ ಮಾತ್ರ ಕೇಳುತ್ತವೆ. ಆ ಕಾಣದ ಹೆಂಗಸಿನ ಧ್ವನಿ ನನ್ನದಾಯಿತು. ಇಂಥ ಚಿಕ್ಕ ಪಾತ್ರ ಸಿಕ್ಕವರು ಕಾಯುವ ಹೊತ್ತನ್ನು ಫೋನಿಗೆ ಕೊಡಬೇಡಿ. ನಾನು ಮೊದಲ ಪೂರ್ಣ ತಾಲೀಮಿನಲ್ಲಿ ಕೊಟ್ಟೆ. ನಾಲ್ಕನೆಯ ಅಂಕಕ್ಕೆ ತಡವಾಗಿ, ಮೂರು ತಿಂಗಳು ಸೆರೆಯಲ್ಲಿದ್ದವಳ ಬದಲು ಹೊರಗಿನಿಂದ ಓಡಿಬಂದವಳಂತೆ ರಂಗಕ್ಕೆ ಬಂದೆ. ಆಮೇಲೆ ಆ ಹೊತ್ತಿನಲ್ಲಿ ಬೆಳಕಿಲ್ಲದ ಮೂಲೆಯ ಸ್ಟೂಲಿನ ಮೇಲೆ ಸರಪಳಿ ತೊಟ್ಟೇ ಕುಳಿತಿರುತ್ತಿದ್ದೆ. ಅಂದಿನ ಕೈದಿಗಳು ತಮ್ಮ ಊಟದ, ಬೇಡಿಯ ಖರ್ಚನ್ನೂ ತಾವೇ ಕೊಡಬೇಕಿತ್ತು, ಕೊಡಲಾಗದೆ ಬಿಡುಗಡೆಯ ಆಜ್ಞೆಯಾದ ಮೇಲೂ ಒಳಗೇ ಉಳಿದವರಿದ್ದರು.

ಖರ್ಚಿನ ಮಾತು ಬಂದದ್ದರಿಂದ ನನ್ನದನ್ನೂ ಹೇಳುತ್ತೇನೆ. ತಂಡದ ಸದಸ್ಯತ್ವಕ್ಕೆ 40 ಡಾಲರ್, ಪುಸ್ತಕಕ್ಕೆ 14, ಚಪ್ಪಟೆ ಹಿಮ್ಮಡಿಯ ಕಪ್ಪು ಬೂಟಿಗೆ 62, ಒಳಗೆ ತೊಡುವ ಹತ್ತಿಯ ಉಡುಪಿಗೆ 35, ಪೆಟ್ರೋಲಿಗೆ ಸುಮಾರು 180. ಹಣವನ್ನು ಯಾರೂ ಕೊಡುವುದಿಲ್ಲ, ಇದು ಸಂಬಳದ ಕೆಲಸವಲ್ಲ. ಬೂಟನ್ನು ಮೊದಲ ವಾರವೇ ಕೊಂಡು ಅದರಲ್ಲೇ ತಾಲೀಮು ಮಾಡಿ. ನಾನು ಕೊನೆಯ ವಾರ ಕೊಂಡು ಹಿಮ್ಮಡಿ ಸುಲಿಸಿಕೊಂಡೆ. ಅಂದಿನ ಸೇಲಂನ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರೆಲ್ಲ ಕಪ್ಪನ್ನೇ ಉಡುತ್ತಿದ್ದರೆಂದು ಕಪ್ಪು ಬಟ್ಟೆ ಕೊಳ್ಳಲು ಹೋಗಬೇಡಿ. ಕಂದು, ಬೂದು, ಮಾಸಿದ ಹಸಿರು ಅವರ ನಿತ್ಯದ ಬಣ್ಣಗಳಾಗಿದ್ದವು.

ಕೊನೆಯ ಅಂಕ. ಪ್ರಾಕ್ಟರ್ ಸುಳ್ಳು ತಪ್ಪೊಪ್ಪಿಗೆ ಬರೆಸುತ್ತಿರುವಾಗ ರೆಬೆಕಾಳನ್ನು ಕರೆತರುತ್ತಾರೆ, ಅವನನ್ನು ನೋಡಿ ಆಕೆಯೂ ಒಪ್ಪಲಿ ಎಂದು. ಸುಳ್ಳು ಹೇಳಿ ಆತ್ಮವನ್ನು ಕಳೆದುಕೊಳ್ಳಲಾರೆ ಎಂಬರ್ಥದ ಒಂದೆರಡು ಮಾತಿನಲ್ಲಿ ಆಕೆ ಮುಗಿಸುತ್ತಾಳೆ. ಅವನು ಕಾಗದಕ್ಕೆ ಸಹಿ ಹಾಕುತ್ತಾನೆ, ಆದರೆ ಅದನ್ನು ಚರ್ಚಿನ ಬಾಗಿಲಿಗೆ ಹಚ್ಚಲು ಕೊಡುವುದಿಲ್ಲ, ತನ್ನ ಹೆಸರು ಒಂದೇ ಇರುವುದೆಂದು ಹರಿದುಹಾಕುತ್ತಾನೆ. ನಮ್ಮ ನಟ ಪ್ರತಿ ಸಲವೂ ನಿಜವಾಗಿ ಶಾಯಿಯಲ್ಲಿ ಸಹಿ ಮಾಡುತ್ತಿದ್ದರು, ಸಾಮಗ್ರಿ ನೋಡಿಕೊಳ್ಳುವವರು ಪ್ರತಿ ಪ್ರದರ್ಶನಕ್ಕೂ ಹೊಸ ಹಾಳೆಯಲ್ಲಿ ಕೈಯಿಂದಲೇ ತಪ್ಪೊಪ್ಪಿಗೆ ಬರೆದಿಡುತ್ತಿದ್ದರು. ಐದು ತಿಂಗಳಲ್ಲಿ ಅರ್ಜಿ, ಒಪ್ಪಂದ, ತಪಾಸಣೆಯ ಫಾರ್ಮು ಎಂದು ನಾನು ಹಾಕಿದ ಸಹಿಗಳಲ್ಲಿ ಒಂದನ್ನೂ ಎರಡನೆಯ ಸಲ ಯೋಚಿಸಿ ಹಾಕಿರಲಿಲ್ಲ. ಆ ಹಾಳೆ ಹರಿಯುವ ಸದ್ದನ್ನು ಎರಡು ಹೆಜ್ಜೆ ದೂರದಿಂದ ಆರು ಸಲ ಕೇಳಿದೆ, ಆರು ಸಲವೂ ಮೈ ಜುಮ್ಮೆಂದಿತು.

ವೀಡಿಯೋ ಕಳಿಸುವಂತಿಲ್ಲವಾದ್ದರಿಂದ ಕೊನೆಯ ಪ್ರದರ್ಶನದ ಹಿಂದಿನ ರಾತ್ರಿ ಅವ್ವನಿಗೆ ಫೋನಿನಲ್ಲೇ ಕತೆಯನ್ನೆಲ್ಲ ಹೇಳಿದೆ. ಅಲ್ಲಿ ಆಗ ಬೆಳಗಿನ ಹೊತ್ತು. ತಪ್ಪೊಪ್ಪಿಕೊಂಡು ಅದೇ ಮಾತಿಗೆ ನಿಂತವರನ್ನು ಆ ವರ್ಷ ನೇಣಿಗೆ ಹಾಕಲಿಲ್ಲ ಎಂದಾಗ ಅವ್ವ ಕೇಳಿದಳು, “ಸುಳ್ಳ ಹೇಳಿದ್ರ ಜೀವ ಉಳೀತಿತ್ತಂದ್ರ, ಮತ್ಯಾಕ ಹೇಳ್ಲಿಲ್ಲ ಆಕಿ?” ನಾನು ಉತ್ತರಕ್ಕೆ ತಡಕಾಡಿದೆ. ಅವ್ವ ತಾನೇ, “ಇರ್ಲಿ, ಮುಂದ ಹೇಳು” ಎಂದಳು. ಗಲ್ಲಿನತ್ತ ಹೊರಟಾಗ ರೆಬೆಕಾ ಜೋಲಿ ಹೊಡೆಯುತ್ತಾಳೆ, ಪ್ರಾಕ್ಟರ್ ಹಿಡಿದುಕೊಳ್ಳುತ್ತಾನೆ, ಬೆಳಗ್ಗೆ ಏನೂ ತಿಂದಿಲ್ಲವೆಂದು ಆಕೆ ಹೇಳುತ್ತಾಳೆ, ಅದೇ ನನ್ನ ಕೊನೆಯ ಮಾತು ಎಂದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ.

“ಹಸದ ಹೊಟ್ಟೀಲೇ ಕರ್ಕೊಂಡು ಹೋದ್ರೇನವಾ ಆ ಮುದುಕೀನ?” ಎಂದಳು ಅವ್ವ.

ಮರುದಿನ ಮಧ್ಯಾಹ್ನ ಆ ಮಾತನ್ನು ನಾನು ಹಿಂದಿನ ಐದು ಸಲಕ್ಕಿಂತ ನಿಧಾನವಾಗಿ ಹೇಳಿದೆ.